ಅಪ್ಪನ ಹಾಡು, ಅವ್ವನ ಹಾರ್ಮೋನಿಯಂ

"ನಿಲ್ಲಿಸ್ರಿ! ದಯವಿಟ್ಟು ನಿಲ್ಲಿಸ್ರಿ!"

ವಡೋದರಾದ ಆ ಪುಟ್ಟ ಸ್ಟುಡಿಯೋದ ಬಾಗಿಲಲ್ಲೇ ವಿಂಧ್ಯಾ ಕುಸಿದು ಕುಳಿತಳು. ತೀರಿಕೊಂಡ ಆರು ವರ್ಷಗಳ ನಂತರ ಕೇಳಿದ ಅಪ್ಪನ ದನಿ!

ಒಳಗಿದ್ದ ಸಂಗೀತ ಸಂಯೋಜಕ ಪ್ರಮೋದ್ ಗಾಬರಿಯಿಂದ ಹಾಡು ನಿಲ್ಲಿಸಿ, ನೀರಿನ ಬಾಟಲಿ ಚಾಚಿದ. ಅವಳು ಕಣ್ಣೊರೆಸಿಕೊಂಡ ಮೇಲೆ ಕೇಳಿದ.

"ಮತ್ತೆ ಹಾಕ್ಲಾ? ಸ್ವಲ್ಪ... ಧೀಮಾ?"

'ಮೆಲ್ಲಗೆ' ಎನ್ನಲು ಬಾರದ ಅವನ ಕನ್ನಡಕ್ಕೆ, ಅತ್ತ ಕಣ್ಣಲ್ಲೇ ಅವಳಿಗೆ ನಗು ಬಂತು.

ಧಾರವಾಡದಿಂದ ರೈಲ್ವೆ ಕೆಲಸಕ್ಕೆಂದು ಅಹಮದಾಬಾದಿಗೆ ಬಂದಿದ್ದ ಮಲ್ಲಿಕಾರ್ಜುನ ಕನ್ನಡ ಸಂಘದ ನೆಚ್ಚಿನ ಗಾಯಕರಾಗಿದ್ದರು. ಹೆಂಡತಿ ಗೌರಮ್ಮನ ಹಾರ್ಮೋನಿಯಂ ಜೊತೆ ಮನೆಯಲ್ಲೇ ಹಾಡಿದ ಎಂಟು ಹಾಡುಗಳು ಒಂದು ಕ್ಯಾಸೆಟ್‌ನಲ್ಲಿ ಉಳಿದಿದ್ದವು. ಅವಕ್ಕೆ ಹೊಸದಾಗಿ ವಯೊಲಿನ್, ಕೊಳಲು ಸೇರಿಸಲು ಮಗಳು ವಿಂಧ್ಯಾ ಪ್ರಮೋದ್‌ಗೆ ಒಪ್ಪಿಸಿದ್ದಳು.

ಪ್ರತಿ ಭಾನುವಾರ ಅಹಮದಾಬಾದಿನ ಮಣಿನಗರದಿಂದ ರೈಲು ಹತ್ತಿ ವಡೋದರಾಗೆ ಬರುತ್ತಿದ್ದಳು. ಸೂರತ್‌ನಲ್ಲೇ ಹುಟ್ಟಿ ಬೆಳೆದ ಪ್ರಮೋದ್‌ನ ಕನ್ನಡ ಅರೆಬರೆ. ಪ್ರತಿ ಸಾಲಿಗೂ ಅವಳನ್ನೇ ಅರ್ಥ ಕೇಳುತ್ತಿದ್ದ.

"'ಕಾತರ' ಅಂದ್ರೆ?"

"ಯಾರದೋ ದಾರಿ ಕಾಯೋವಾಗ ಎದಿಯೊಳಗ ಆಗ್ತದಲ್ರಿ... ಅದು."

"ಓ... ಶನಿವಾರ ನನಗೆ ಆಗುತ್ತಲ್ಲ, ಅದು!"

ವಿಂಧ್ಯಾ ಸರ್ರನೆ ಮುಖ ತಿರುಗಿಸಿದಳು. ಕೆನ್ನೆ ಮಾತ್ರ ಕೆಂಪಾಗಿತ್ತು.

ಐದನೇ ವಾರ ಮೊದಲ ಹಾಡು ಸಿದ್ಧವಾಯಿತು. ಅಪ್ಪನ ದನಿಯ ಹಿಂದೆ ವಯೊಲಿನ್‌ಗಳು ಅಲೆಯಂತೆ ಎದ್ದವು. ಆದರೆ...

"ಅವ್ವನ ಹಾರ್ಮೋನಿಯಂ ಎಲ್ಲಿ?"

"ತೆಗೆದೆ."

"ಯಾಕ್ರಿ?"

"ಅದು... ಹೇಳೋಕಾಗಲ್ಲ."

"ನಿಮಗ ಅದು ಬರೇ ಸದ್ದು! ನಮಗ ಅದು ಅಪ್ಪ ಅವ್ವ ಕೂಡಿ ಬಾಳಿದ ಬಾಳು!"

ಅವನು ತಲೆ ತಗ್ಗಿಸಿದ. ಅವಳು ತಿರುಗಿ ನೋಡದೆ ಹೊರಟುಬಿಟ್ಟಳು. ಎರಡು ವಾರ ಅವನ ಫೋನ್ ಎತ್ತಲಿಲ್ಲ. ಎತ್ತದೆ ಇರುವುದೂ ಅವಳಿಗೆ ಸುಲಭವಾಗಿರಲಿಲ್ಲ...

ಮಗಳ ಬಾಡಿದ ಮುಖ ನೋಡಲಾಗದೆ ಗೌರಮ್ಮ ಒಂದು ಮಧ್ಯಾಹ್ನ ಬಾಯಿಬಿಟ್ಟರು.

"ತೆಗೀರಿ ಅಂತ ನಾನ ಫೋನ್ ಮಾಡಿ ಹೇಳಿದ್ದವ್ವ. ಎರಡು ಕಡೆ ನನ್ನ ಬೆರಳು ತಪ್ಪ್ಯಾವ. ಅವರು ಅಷ್ಟು ಚಂದ ಹಾಡ್ಯಾರ, ನನ್ನ ತಪ್ಪು ಎಲ್ಲಾರೂ ಕೇಳಬೇಕೇನು? ನಿನಗ ಹೇಳಬಾರದು ಅಂತ ಮಾತು ತಗೊಂಡಿದ್ದೆ."

ಅಯ್ಯೋ! ನಾನು ಏನೆಲ್ಲ ಅಂದುಬಿಟ್ಟೆ!

ಮರುದಿನ ಬೆಳಿಗ್ಗೆಯೇ ವಡೋದರಾಗೆ ಹೊರಟು, ಅವನ ಸ್ಟುಡಿಯೋ ಬಾಗಿಲಲ್ಲಿ ನಿಂತಳು.

"ನಾ ಅಷ್ಟು ಬೈದರೂ ಯಾಕ ಸುಮ್ಮನಿದ್ರಿ?"

"ನಿಮ್ಮ ಅಮ್ಮನಿಗೆ ಮಾತು ಕೊಟ್ಟಿದ್ದೆ." ಅವನು ಮೆಲ್ಲನೆ ಹೆಡ್‌ಫೋನ್ ಕೊಟ್ಟ. "ಹಾರ್ಮೋನಿಯಂ ಇಟ್ಟು ಇನ್ನೊಂದು ಮಾಡಿದ್ದೀನಿ. ಇಲ್ಲಿ ಕೇಳಿ... ಅಮ್ಮನ ಬೆರಳು ತಪ್ಪಿದಾಗ ಅಪ್ಪ ಒಂದು ಉಸಿರಿನಷ್ಟು ಹೊತ್ತು ನಿಂತಿದ್ದಾರೆ. ಅವರಿಗಾಗಿ ಕಾದಿದ್ದಾರೆ. ನನ್ನ ವಯೊಲಿನ್‌ಗಳನ್ನೂ ಅಲ್ಲಿ ನಿಲ್ಲಿಸಿದೆ."

ವಿಂಧ್ಯಾ ತಾಯಿಗೆ ಫೋನ್ ಮಾಡಿ ಅದನ್ನೇ ಕೇಳಿಸಿದಳು.

"ನನಗಂತ ನಿಂತಿದ್ರೇನ..." ಗೌರಮ್ಮ ಇನ್ನೊಮ್ಮೆ ಹಾಕಿಸಿ ಕೇಳಿದರು. "ಇರಲಿ ಬಿಡವ್ವ. ತೆಗೀಬ್ಯಾಡ್ರಿ ಅಂತ ಹೇಳು."

ಫೋನ್ ಇಟ್ಟು ವಿಂಧ್ಯಾ ಬ್ಯಾಗ್ ಎತ್ತಿಕೊಂಡಳು.

"ವಿಂಧ್ಯಾ... ಹೋಗ್ಬೇಡಿ."

"ಸಂಜಿ ಟ್ರೇನ್ ಅದರಿ. ಅವ್ವ ಒಬ್ಬಾಕಿನ ಅದಾಳ."

"ಇವತ್ತಿನ ಮಾತಲ್ಲ..." ಅವನು ಕನ್ನಡ ಪದಕ್ಕೆ ತಡಕಾಡಿದ. "ಪೂರಾ ಜಿಂದಗಿ... ಜೀವನಪೂರ್ತಿ."

ಅವಳ ಕಣ್ಣು ತುಂಬಿ ಬಂತು. "ಹಂಗಾರ ನೀವೂ ನಡೀರಿ. ಅವ್ವನ್ನ ಕೇಳ್ರಿ."

"ಅವರು ಒಪ್ಪದಿದ್ರೆ?"

"ನಾ ಒಪ್ಪೀನಲ್ರಿ!"