ಎರಡು ಹರದಾರಿ

"ಮಧ್ಯಾಹ್ನದ ಊಟಕ್ಕ ಮನಿಯಾಗ ಇರಬೇಕು. ಇದ್ರ ಪಾಸು, ಇಲ್ಲಂದ್ರ ನಪಾಸು," ಎಂದರು ಅಬ್ಬಾ, ಹೊಲಿಗೆ ಮಷೀನಿನಿಂದ ತಲೆ ಎತ್ತದೆ.

ಸಿಮ್ರಾನಳಿಗೆ ಇದು ಆಟದ ಪರೀಕ್ಷೆಯಲ್ಲ. ಬರುವ ಜೂನ್‌ನಲ್ಲಿ ಅವಳು ಆರನೇ ತರಗತಿಗೆ ರೋಣದ ಆಚೆ ತುದಿಯ ದೊಡ್ಡ ಶಾಲೆಗೆ ಹೋಗಬೇಕು. ಕಿಕ್ಕಿರಿದ ಟಂಟಂ ಆಟೋದಲ್ಲಿ ಉಸಿರುಗಟ್ಟಿ ಹೋಗುವುದೋ, ಸ್ವಂತ ಸೈಕಲ್ ತುಳಿಯುವುದೋ ಎಂಬುದು ಈ ಭಾನುವಾರ ತೀರ್ಮಾನವಾಗಲಿತ್ತು. ಅಸೂಟಿಯಲ್ಲಿರುವ ಅಮ್ಮಿಯ ತಂಗಿ ಜಹೀದಾ ಖಾಲಾನ ಮನೆಗೆ ಸೈಕಲ್ ಮೇಲೆ ಹೋಗಿ, ಹೇಳಿದ ಹೊತ್ತಿಗೆ ವಾಪಸ್ ಬಂದರೆ ಶಾಲೆಗೂ ಸೈಕಲ್ಲೇ.

ದಾರಿಯ ಚಿಂತೆ ಇರಲಿಲ್ಲ. ಕಾಲುವೆಯ ದಂಡೆಗುಂಟ ಹೊಸದಾಗಿ ಸಿಮೆಂಟಿನ ದಾರಿ ಮಾಡಿದ್ದರು. ದಾರಿಯ ಬಾಯಿಗೇ ಕಂಬ ನೆಟ್ಟಿದ್ದರಿಂದ ಟ್ರ್ಯಾಕ್ಟರ್, ಲಾರಿ ಒಳಗೆ ನುಗ್ಗುವಂತಿರಲಿಲ್ಲ. ಅಲ್ಲಿ ನಡೆಯುವವರು, ಸೈಕಲ್ಲಿನವರು, ಮತ್ತೆ ಯಾರ ಮಾತೂ ಕೇಳದ ಕುರಿಗಳು ಮಾತ್ರ.

"ಪ್ಲ್ಯಾನ್ ಪಕ್ಕಾ ಇರಬೇಕು," ಎಂದು ಸಿಮ್ರಾನ ಅಂಗಳದ ಕಲ್ಲಿನ ಮೇಲೆ ಸೀಮೆಸುಣ್ಣದಿಂದ ಉದ್ದ ಗೆರೆ ಎಳೆದಳು. ಜೊತೆಗೆ ಬರಲಿದ್ದ ಪಕ್ಕದ ಮನೆಯ ನಮ್ರತಾ ಗೆರೆಯ ತುದಿಗೆ ಖಾಲಾನ ಮನೆ ಬರೆದು, ಬಾಗಿಲಿಗೊಂದು ಆಡು ಕಟ್ಟಿದಳು.

"ದೂರ ಎಷ್ಟೈತಿ?" ಎಂದು ಕೇಳಿದಳು ನಮ್ರತಾ.

ಸಿಮ್ರಾನಳಿಗೆ ಗೊತ್ತಿರಲಿಲ್ಲ. ಬಸ್ಸಿನಲ್ಲಿ ಹೋದಾಗಲೆಲ್ಲ ಅವಳು ನಿದ್ದೆ ಹೊಡೆದಿದ್ದಳು. ಮೊಬೈಲ್ ನೋಡೋಣವೆಂದರೆ ಅದು ಅಮ್ಮಿಯ ಸಂಗಡ ಗಜೇಂದ್ರಗಡದ ಮದುವೆಗೆ ಹೋಗಿತ್ತು. ಕಟ್ಟೆಯ ಮೇಲೆ ಜೋಳ ಹಸನು ಮಾಡುತ್ತಿದ್ದ ಅಬ್ಬಾನ ತಾಯಿ, ದಾದಿ ಹಸನಬಿಯನ್ನೇ ಕೇಳಿದರು. ನಮ್ರತಾ ಇದ್ದರೆ ದಾದಿ ಕನ್ನಡದಲ್ಲೇ ಮಾತಾಡುತ್ತಿದ್ದಳು.

"ಅಸೂಟಿ? ಎರಡ ಹರದಾರಿ. ಬಳಿ ಮಾರಾಕ ಬುಟ್ಟಿ ಹೊತ್ತಕೊಂಡು ನಾ ನಡಕೋತ ಹೋಗಿ ಬರತಿದ್ದೆ."

"ಹರದಾರಿ ಅಂದ್ರ ಏನಲೇ?" ನಮ್ರತಾ ಪಿಸುಗುಟ್ಟಿದಳು.

ಸಿಮ್ರಾನ ಒಂದು ಗಳಿಗೆ ಯೋಚಿಸಿದಳು. "ಹರ ಅಂದ್ರ ನಮ್ಮ ಉರ್ದುದಾಗ ಪ್ರತಿ. ಹರ ದಾರಿಗೆ ಎರಡು. ಹೋಗಾಕ ಎರಡ ಕಿಲೋಮೀಟರ್, ಬರಾಕ ಎರಡ."

"ಖರೇನ. ನಿಮ್ಮ ದಾದಿ ನಡಕೋತ ಹೋಗತಿದ್ರಂದ್ರ ಹತ್ರನ ಇರತೈತಿ ಬಿಡು."

ಗೆರೆಯ ಪಕ್ಕದಲ್ಲಿ ಸಿಮ್ರಾನ ದೊಡ್ಡದಾಗಿ 'ಎರಡು' ಎಂದು ಬರೆದಳು.

ಎರಡೇ ಕಿಲೋಮೀಟರಿಗೆ ಬೆಳಗ್ಗೆ ಬೇಗ ಏಳುವವರು ಯಾರು? ಭಾನುವಾರ ಇಬ್ಬರೂ ಆರಾಮಾಗಿ ಎದ್ದು, ಒಗ್ಗರಣೆ ಮಂಡಕ್ಕಿ ತಿಂದು, ಬಿಸಿಲು ಚೆನ್ನಾಗಿ ಏರಿದ ಮೇಲೆ ತಮ್ಮ ತಮ್ಮ ಸೈಕಲ್ ಹತ್ತಿ ಹೊರಟರು. ಖಾಲಾಗೆಂದು ಒಂದು ಡಬ್ಬಿ ಶೇಂಗಾ ಉಂಡೆ, ಇಬ್ಬರಿಗೂ ಸೇರಿ ಒಂದು ಸಣ್ಣ ಬಾಟಲಿ ನೀರು.

ಮೊದಲಿಗೆ ಮಜಾ ಬಂತು. ಒಂದು ಕಡೆ ನೀರು, ಇನ್ನೊಂದು ಕಡೆ ಕಡಲೆ ಹೊಲ. ಕೈಬಿಟ್ಟು ಸೈಕಲ್ ಹೊಡೆಯಲು ಹೋಗಿ ನಮ್ರತಾ ಕುರಿಗಳ ನಡುವೆ ಸಿಕ್ಕಿಕೊಂಡಳು. ಕುರಿಗಳು ಅವಳನ್ನು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ.

ಆಮೇಲೆ ನೀರು ಮುಗಿಯಿತು. ಅಸೂಟಿ ಮಾತ್ರ ಬರಲಿಲ್ಲ. ಕಾಲು ಸೋತು ಇಬ್ಬರೂ ಒಂದು ಹಳೆಯ ಬೇವಿನ ಮರದ ಬುಡದಲ್ಲಿ ಕುಸಿದು ಕೂತರು.

ಬಿಳಿ ಬೂಟು ಹಾಕಿಕೊಂಡು ಎದುರಿಗೆ ನಡೆದು ಬಂದವರು ಅವರ ಶಾಲೆಯ ಪಿ.ಟಿ. ಮಾಸ್ತರು ಪ್ರಭುಲಿಂಗಪ್ಪ.

"ಸರ್, ಅಸೂಟಿ ಇಲ್ಲೇ ಐತಿ ಹೌದಲ್ರಿ?" ಎಂದು ಕೇಳಿದಳು ಸಿಮ್ರಾನ.

"ಅರ್ಧ ದಾರಿಗೆ ಬಂದೀರಿ. ಇನ್ನೂ ಒಂದ ಹರದಾರಿ ಐತಿ."

ಇಬ್ಬರೂ ಮುಖ ಮುಖ ನೋಡಿಕೊಂಡರು. "ಹರದಾರಿ ಅಂದ್ರ ಎಷ್ಟ್ರಿ ಸರ್?"

"ಹೆಚ್ಚುಕಮ್ಮಿ ಐದು ಕಿಲೋಮೀಟರ್," ಎಂದವರೇ ತಮ್ಮ ಬಾಟಲಿಯ ನೀರು ಹುಡುಗಿಯರ ಬಾಟಲಿಗೆ ಸುರಿದು, ವಾಚು ನೋಡಿಕೊಂಡು ಮುಂದೆ ನಡೆದರು.

"ಮುಂದ ಹೋಗೂಣು. ಇಷ್ಟ ಬಂದೇವಿ," ಎಂದಳು ನಮ್ರತಾ.

ಸಿಮ್ರಾನಳಿಗೂ ಹೋಗುವ ಆಸೆ. ಆದರೆ ಮುಂದೆ ಹೋದರೆ ಊಟದ ಹೊತ್ತಿಗೆ ಮನೆ ಮುಟ್ಟುವುದಿಲ್ಲ. ಹಿಂದೆ ತಿರುಗಿದರೆ ಅಸೂಟಿ ಮುಟ್ಟುವುದಿಲ್ಲ. ಅವಳಿಗೆ ಅಳು ಬಂತು. ಉಂಡೆಯ ಡಬ್ಬಿ ತೆಗೆದು ನಮ್ರತಾಗೊಂದು ಕೊಟ್ಟು, ತಾನೂ ಒಂದು ತಿಂದು, ಸೈಕಲ್ಲನ್ನು ರೋಣದ ಕಡೆ ತಿರುಗಿಸಿದಳು.

ಮನೆಯಲ್ಲಿ ಅಬ್ಬಾ ಆಗತಾನೇ ಊಟಕ್ಕೆ ಕೈತೊಳೆಯುತ್ತಿದ್ದರು. "ಲಗೂ ಬಂದ್ರಿ. ಖಾಲಾ ಹ್ಯಾಂಗದಾಳ?"

ಆರಾಮ ಅದಾಳ ಎಂದುಬಿಟ್ಟರೆ ಮುಗಿಯುತ್ತಿತ್ತು. ಸಿಮ್ರಾನಳ ಬಾಯಿಗೆ ಆ ಮಾತು ಬಂದೂ ಇತ್ತು.

"ಮುಟ್ಟಲಿಲ್ಲ ಅಬ್ಬಾ. ದೂರ ತಪ್ಪು ತಿಳಕೊಂಡಿದ್ದೆ. ಅರ್ಧಕ್ಕ ತಿರುಗಿ ಬಂದ್ವಿ," ಎಂದು ಹರದಾರಿಯ ಕತೆ ಹೇಳಿದಳು.

ದಾದಿ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. ಅಬ್ಬಾ ನಗಲಿಲ್ಲ. ಅಂಗಳಕ್ಕೆ ಹೋಗಿ ಸೈಕಲ್ಲನ್ನು ಹಿಂದೆ ಮುಂದೆ ನೋಡಿದರು.

"ಸೀಟ ಸ್ವಲ್ಪ ಎತ್ತರ ಮಾಡಬೇಕು," ಎಂದರು. "ದೊಡ್ಡ ಸಾಲಿ ದೂರ ಐತಿ."

ನಮ್ರತಾ ಸಿಮ್ರಾನಳ ತೋಳು ಜಿಗುಟಿದಳು.

ಊಟವಾದ ಮೇಲೆ ದಾದಿ ಎಣ್ಣೆಯ ಬಟ್ಟಲು ತಂದಳು. "ತಾ ಇಲ್ಲೆ ಕಾಲು. ನೋಯತಿರಬೇಕು."

"ದಾದಿ, ನೀ ನಡುವ ಎಲ್ಲೂ ಕೂಡತಿದ್ದಿಲ್ಲೇನು?"

"ಒಂದು ಹರದಾರಿ ಆದಮ್ಯಾಲೆ ಒಂದು ಬೇವಿನ ಗಿಡ ಇತ್ತು. ಅಲ್ಲೆ ಬುಟ್ಟಿ ಇಳಿಸತಿದ್ದೆ. ಆಮ್ಯಾಲೆ ಮತ್ತ ಹೊರೂದು."

ಆ ಮರದಿಂದಲೇ ಸಿಮ್ರಾನ ತಿರುಗಿ ಬಂದಿದ್ದಳು, ಅದೂ ಸೈಕಲ್ ಮೇಲೆ. ಅವಳು ಎಣ್ಣೆಯ ಬಟ್ಟಲನ್ನು ತನ್ನ ಕಡೆ ಎಳೆದುಕೊಂಡು, ದಾದಿಯ ಒಡೆದ ಹಿಮ್ಮಡಿಗಳನ್ನು ತನ್ನ ತೊಡೆಯ ಮೇಲೆ ಇಟ್ಟುಕೊಂಡಳು.

"ಅಯ್ಯ, ನೋಯತಿರೂವು ನಿನ್ನ ಕಾಲು ಅಲ್ಲೇನು?" ಎಂದಳು ದಾದಿ.

"ನನ್ನವು ಒಂದ ಹರದಾರಿ ಅಷ್ಟ," ಎಂದು ಸಿಮ್ರಾನ ಎಣ್ಣೆ ತಿಕ್ಕತೊಡಗಿದಳು.