ಪ್ಯಾಕೆಟ್ ಮೇಲಿನ ಗಡಿಗೆ

"ಈ ಗುರ್ತು ಯಾರರ ನೋಡೀರೇನು?"

ಗೀತಾಂಜಲಿ ಟೀಚರ್ ಹಲಗೆಯ ಮೇಲೆ ಬರೆದ ಚಿತ್ರಕ್ಕೆ ಕೋಲು ಮುಟ್ಟಿಸಿ ಕೇಳಿದರು. ಅದೊಂದು ಮಣ್ಣಿನ ಗಡಿಗೆ. ಐದನೆಯ ಇಯತ್ತೆಯ ಜಯಮಾಲಾ ಅದನ್ನು ನೋಡಿದ್ದೇ ತಡ, ಬೆಂಚಿನ ಮೇಲೆ ನೆಟ್ಟಗೆ ಕೂತಳು.

"ನಾ ನೋಡೇನ್ರಿ ಟೀಚರ್!" ಹಿಂದಿನ ಬೆಂಚಿನ ಹುಲಗೇಶ ಎದ್ದು ನಿಂತ. ಕೇಳಿದರೂ ಕೇಳದಿದ್ದರೂ ಏಳುವುದು ಅವನ ಚಾಳಿ. "ಜಯಮಾಲಾನ ಅಪ್ಪ ಮಾಡ್ತಾರಲ್ರಿ, ಅರಿಬಿ ಒಗಿಯೋ ಪುಡಿ? ಅದರ ಪ್ಯಾಕೆಟ್ ಮ್ಯಾಲೆ ಐತ್ರಿ. ನಮ್ಮ ಓಣ್ಯಾಗ ಎಲ್ಲಾರೂ ಗಡಿಗಿ ಪುಡಿ ಅಂತಾರ್ರಿ!"

ಟೀಚರ್ ಮುಖ ಅರಳಿತು. "ಹೌದ? ಭಾಳ ಛಲೋ ಆತು. ಇದಕ್ಕ ಇಕೋಮಾರ್ಕ್ ಅಂತಾರ. ನೀರು, ಮಣ್ಣು ಕೆಡಸಲಾರದ ಸಾಮಾನಿಗೆ ಅಷ್ಟ ಸಿಗ್ತದ. ಸರಕಾರದವರು ಟೆಸ್ಟ್ ಮಾಡಿ, ಪಾಸಾದ್ರ ಲೈಸೆನ್ಸ್ ಕೊಡ್ತಾರ. ಹಂಗ ಸುಮ್ನ ಹಚ್ಚಿಕೊಂಡ್ರ ಕೇಸ್ ಆಗ್ತದ. ನಾಳೆ ಇದರ ಬಗ್ಗೆ ಮಾತಾಡಲಿಕ್ಕೆ ಒಬ್ಬ ಆಫೀಸರ್ ಸಾಲಿಗೆ ಬರ್ತಾರ. ಜಯಮಾಲಾ, ಒಂದು ಪ್ಯಾಕೆಟ್ ತಗೊಂಡು ಬಾ. ಅವರಿಗೆ ತೋರಸೋಣು."

"ಹೂಂನ್ರಿ," ಎಂದಳು ಜಯಮಾಲಾ. ಆ ಮಾತು ಅವಳಿಗೇ ಸರಿಯಾಗಿ ಕೇಳಿಸಲಿಲ್ಲ.

ಟೆಸ್ಟು, ಲೈಸೆನ್ಸು ಅನ್ನುವ ಮಾತನ್ನೇ ಮನೆಯಲ್ಲಿ ಅವಳು ಕೇಳಿರಲಿಲ್ಲ. ಆ ಗಡಿಗೆಯನ್ನು ಬರೆದವಳು ಜಯಮಾಲಾ! ಬೇಸಿಗೆಯ ಸೂಟಿಯಲ್ಲಿ ಅಪ್ಪ ಎಲ್ಲಿಂದಲೋ ಗಡಿಗೆಯ ಗುರುತಿದ್ದ ಒಂದು ರಟ್ಟಿನ ಡಬ್ಬಿ ತಂದಿದ್ದ. "ನಿನ್ನ ಕೈ ಛಲೋ ಐತಿ ಜಯಾ, ಇದನ್ನ ನೋಡಿ ಹಿಂಗ ಒಂದು ಗಡಿಗಿ ಚಿತ್ರಾ ತಗಿ," ಎಂದಿದ್ದ. ಅವಳು ಮೂರು ಸಲ ಅಳಿಸಿ, ನಾಲ್ಕನೆಯ ಸಲಕ್ಕೆ ತಿದ್ದಿ ತೀಡಿ ಬರೆದಿದ್ದಳು. ಪ್ರಿಂಟಾಗಿ ಬಂದ ದಿನ ಓಣಿಯ ತುಂಬ ತೋರಿಸಿಕೊಂಡು ತಿರುಗಿದ್ದಳು. ಈಗ ಹಲಗೆಯತ್ತ ನೋಡದೆ ಮೆಲ್ಲಗೆ ಪುಸ್ತಕದಲ್ಲಿ ಮುಖ ಹುದುಗಿಸಿದಳು.

ಕೇಸ್ ಅಂದರೆ ಪೊಲೀಸರು ಬರುತ್ತಾರೆ. ಹಿಡಿದರೆ ಯಾರನ್ನು ಹಿಡಿಯುತ್ತಾರೆ? ಪುಡಿ ಮಾರಿದವರನ್ನೋ, ಗಡಿಗೆ ಬರೆದವರನ್ನೋ?

ಸಾಲಿ ಬಿಟ್ಟ ಮೇಲೆ ಮನೆಯ ದಾರಿಯಲ್ಲಿ ಖಾಕಿ ಅಂಗಿಯವನೊಬ್ಬ ಎದುರಿಗೆ ಬಂದ. ಜಯಮಾಲಾ ಓಡಿ ಹೋಗಿ ಹಿಟ್ಟಿನ ಗಿರಣಿಯ ಬಾಗಿಲ ಹಿಂದೆ ಅಡಗಿದಳು. ನೋಡಿದರೆ ಪೋಸ್ಟಮನ್! ಗಿರಣಿಯವನಿಗೆ ಕಾಗದ ಕೊಟ್ಟು, ಇವಳ ಅವತಾರ ನೋಡಿ ನಗುತ್ತ ಹೋದ. ಅವಳಿಗೆ ನಗು ಬರಲಿಲ್ಲ. ಉಳಿದ ದಾರಿಯನ್ನು ಓಡುತ್ತಲೇ ಮುಗಿಸಿದಳು.

ಮನೆಯಲ್ಲಿ ಅಪ್ಪ ಮೈಲಾರಪ್ಪ ಮೂಗಿಗೆ ಟಾವೆಲ್ ಕಟ್ಟಿಕೊಂಡು, ಸಲಿಕೆಯಿಂದ ಪುಡಿಗೆ ಸೋಡಾ ಕಲಸುತ್ತಿದ್ದ. ಅವ್ವ ಸಾವಕ್ಕ ಮೇಣಬತ್ತಿಯ ಉರಿಗೆ ಪ್ಯಾಕೆಟ್ಟಿನ ಬಾಯಿ ಹಿಡಿದು ಅಂಟಿಸುತ್ತಿದ್ದಳು. ಗೋಡೆಯುದ್ದಕ್ಕೂ ಪ್ಯಾಕೆಟ್ಟುಗಳ ಸಾಲು. ಅಷ್ಟೂ ಗಡಿಗೆಗಳು ತನ್ನನ್ನೇ ನೋಡುತ್ತಿವೆ ಅನ್ನಿಸಿತು ಜಯಮಾಲಾಗೆ.

"ಯಪ್ಪಾ, ನಮ್ಮ ಪುಡಿ ಟೆಸ್ಟ್ ಮಾಡ್ಸೀಯೇನು?"

"ಎಂಥಾ ಟೆಸ್ಟವಾ? ಕೊಳಿ ಹೋಗ್ತೈತಿ, ಮತ್ತೇನು ಬೇಕು?"

ಟೀಚರ್ ಹೇಳಿದ್ದು, ಇಕೋಮಾರ್ಕು, ಕೇಸು, ನಾಳೆ ಬರುವ ಆಫೀಸರ್, ಎಲ್ಲವನ್ನೂ ಅವಳು ಒಂದೇ ಉಸಿರಿಗೆ ಹೇಳಿದಳು. 'ಹುಚ್ಚಿ, ಏನೂ ಆಗಂಗಿಲ್ಲ' ಎಂದು ಅಪ್ಪ ಬೆನ್ನು ತಟ್ಟುತ್ತಾನೆ ಎಂದುಕೊಂಡಿದ್ದಳು. ಅಪ್ಪ ಸಲಿಕೆ ಕೆಳಗಿಟ್ಟ. ಹೋಗಿ ಬಾಗಿಲು ಹಾಕಿ ಬಂದ.

"ನನ್ನ ಹೆಸರು ಹೇಳಿದ್ರೇನು?"

ಜಯಮಾಲಾ ಹಾಕಿದ ಬಾಗಿಲನ್ನೊಮ್ಮೆ, ಅಪ್ಪನನ್ನೊಮ್ಮೆ ನೋಡಿದಳು. ಅಪ್ಪನಿಗೆ ಮೊದಲೇ ಗೊತ್ತಿತ್ತು.

"ಪ್ರಿಂಟ್ ಹಾಕಾಂವ ಆವತ್ತ ಕೇಳಿದ್ದ, ಲೈಸೆನ್ಸ್ ಐತೇನಂತ," ಎಂದಳು ಅವ್ವ. "ಐತಿ ಅಂದ್ರಿ ನೀವು. ಬ್ಯಾಡ ಅಂದ್ರ ಕೇಳಲಿಲ್ಲ."

"ಗಡಿಗಿ ಹಾಕಿದ ಮ್ಯಾಲೆ ಪುಡಿ ಉಪ್ಪಿನಬೆಟಗೇರಿ ತನಕಾ ಹೊಂಟೈತಿ. ಅದನ್ನ ಅಳಿಸಿದ್ರ ಯಾರ ಕೇಳ್ತಾರ ನಮ್ಮನ್ನ?" ಅಪ್ಪ ಯಾರ ಮುಖವನ್ನೂ ನೋಡಲಿಲ್ಲ. "ಜಯಾ, ಪ್ಯಾಕೆಟ್ ಮರತು ಬಂದೆ ಅಂತ ಹೇಳು ನಾಳೆ."

"ಹುಲಗೇಶ ಅಂಗಡ್ಯಾಗಿಂದ ತಂದ ಕೊಡ್ತಾನ. ಸುಮ್ನ ಕುಂದ್ರಾಂವಲ್ಲ ಅಂವ. ಗಡಿಗಿ ಯಾರು ತಗದಾರ ಅಂತ ಕೇಳಿದ್ರ?" ಜಯಮಾಲಾಗೆ ಅಳು ತಡೆಯಲಾಗಲಿಲ್ಲ. "ನನ್ನ ಹಿಡಕೊಂಡು ಹೋಗ್ತಾರೇನು ಯಪ್ಪಾ?"

ಅಪ್ಪ ಸಾಲಿನಿಂದ ಒಂದು ಪ್ಯಾಕೆಟ್ ತೆಗೆದು, ಅದರ ಮೇಲಿನ ಗಡಿಗೆಯನ್ನೇ ನೋಡುತ್ತ ಕೂತ. ಅಂದು ರಾತ್ರಿ ರೊಟ್ಟಿ ಬುಟ್ಟಿಯಲ್ಲೇ ಉಳಿದವು.

ಬೆಳಿಗ್ಗೆ ಅವಳು ಪಾಟೀಚೀಲ ಹೆಗಲಿಗೇರಿಸುವಾಗ ಅಪ್ಪ ಮದುವೆಗೆ ಹಾಕುವ ಬಿಳಿ ಅಂಗಿ ತೊಟ್ಟು ನಿಂತಿದ್ದ. ಕೈಯಲ್ಲಿ ಒಂದು ಪ್ಯಾಕೆಟ್ ಇತ್ತು.

"ನಡಿ, ನಾನೂ ಬರ್ತೇನಿ," ಎಂದ. ಸಾಲಿಗೆ ಬಂದು ಏನು ಹೇಳುತ್ತೀ ಎಂದು ಕೇಳಲು ಅವಳಿಗೆ ಧೈರ್ಯವಾಗಲಿಲ್ಲ.

ಸಾಲಿಯ ಅಂಗಳದಲ್ಲಿ ಆಗಲೇ ಜೀಪು ನಿಂತಿತ್ತು. ಹೆಡ್‌ಮಾಸ್ತರರ ಕೋಣೆಯಲ್ಲಿ ಕನ್ನಡಕದ ಆಫೀಸರ್ ಚಹಾ ಕುಡಿಯುತ್ತಿದ್ದರು. "ಬರ್ರಿ, ಬರ್ರಿ! ಇವರ ನೋಡ್ರಿ ಸರ್, ಪುಡಿ ಮಾಡೋರು," ಎಂದು ಗೀತಾಂಜಲಿ ಟೀಚರ್ ಖುಷಿಯಿಂದ ಕರೆದರು.

ಅಪ್ಪ ಪ್ಯಾಕೆಟ್ಟನ್ನು ಟೇಬಲ್ ಮೇಲಿಟ್ಟ.

"ಸಾಹೇಬ್ರ, ಈ ಗಡಿಗಿ ತಗದಾಕಿ ನನ್ನ ಮಗಳು. ಕೂಸಿಗೆ ಏನೂ ಗೊತ್ತಿದ್ದಿಲ್ರಿ. ಹಚ್ಚಿದಾಂವ ನಾನು. ನನಗ ಗೊತ್ತಿತ್ತು. ಇದು ಟೆಸ್ಟ್ ಆಗಿಲ್ರಿ."

ಟೀಚರ್ ಮುಖದ ನಗು ಹಾಗೇ ಆರಿಹೋಯಿತು. ಆಫೀಸರ್ ಕಪ್ಪು ಕೆಳಗಿಟ್ಟು, ಪ್ಯಾಕೆಟ್ಟನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು.

"ಇಂಥಾವು ಇನ್ನ ಎಷ್ಟ ಅದಾವು?"

"ಮನ್ಯಾಗ ಒಂದ ಗ್ವಾಡಿ ತುಂಬ ಅದಾವ್ರಿ. ಅಂಗಡ್ಯಾಗಿನವು ಹೊಳ್ಳಿ ತರ್ತೇನ್ರಿ."

"ಕುಂದರ್ರಿ," ಎಂದರು ಆಫೀಸರ್. ಬ್ಯಾಗಿನಿಂದ ಕಾಗದ ತೆಗೆದು, ಪೆನ್ನಿನ ಟೊಪ್ಪಿಗೆ ಬಿಚ್ಚಿದರು. ಅವರು ಏನು ಬರೆಯುತ್ತಾರೋ ಜಯಮಾಲಾಗೆ ಗೊತ್ತಾಗಲಿಲ್ಲ.

ಅವಳು ಅಪ್ಪನ ಕೈ ಹಿಡಿದಳು. ಹೆದರಿಕೆ ಆದಾಗಲೆಲ್ಲ ಅವಳು ಹಿಡಿಯುವ ಕೈ ಅದು. ಇವತ್ತು ಅದು ಅವಳ ಕೈಗಿಂತ ಜೋರಾಗಿ ನಡುಗುತ್ತಿತ್ತು. ಇಷ್ಟು ಹೆದರಿಕೊಂಡೇ ಅಪ್ಪ ಅಷ್ಟನ್ನೂ ಹೇಳಿದ್ದ! ಜಯಮಾಲಾ ಅವನ ಕುರ್ಚಿಗೆ ಒತ್ತಿ ನಿಂತು, ಇನ್ನೊಂದು ಕೈಯನ್ನೂ ಸೇರಿಸಿ ಗಟ್ಟಿಯಾಗಿ ಹಿಡಿದುಕೊಂಡಳು.