ಕಾಣೆಯಾದ ಕಾಲಿನ ಅಚ್ಚು

ಬೀರು ತೆರೆದೇ ಇತ್ತು. ಒಳಗೆ ಹಳೆಯ ಟವೆಲ್ಲು ಮಾತ್ರ ಬಿದ್ದಿತ್ತು. ಅದರಲ್ಲಿ ಸುತ್ತಿಟ್ಟಿದ್ದ ಕಾಲು—ಇರಲಿಲ್ಲ!

"ಅವ್ವಾ!"

ಮಗಳ ಕೂಗಿಗೆ ನೀಲಾಂಬಿಕೆ ದೋಸೆಯ ಸಟ್ಟುಗ ಹಿಡಿದೇ ಓಡಿಬಂದಳು.

ಕಾಲೆಂದರೆ ಭಾವನಾಳ ಬಲಗಾಲಿನ ಪ್ಲಾಸ್ಟರ್ ಅಚ್ಚು, ಮಂಡಿಯಿಂದ ಹಿಮ್ಮಡಿಯವರೆಗೆ. ಮೂರು ವರ್ಷದವಳಿದ್ದಾಗ ಬಂದ ಜ್ವರವೊಂದು ಅವಳ ಎಡಗಾಲಿನ ಮೀನಖಂಡವನ್ನು ಒಣಗಿಸಿಬಿಟ್ಟಿತ್ತು. ನಡೆಯಲು ತೊಂದರೆಯಿಲ್ಲ. ಆದರೆ ನೋಡುವವರ ಕಣ್ಣು ಮೊದಲು ಹೋಗುವುದು ಅಲ್ಲಿಗೇ. ಮೈಸೂರಿನ ಡಾಕ್ಟರು, ಒಳಗೆ ಸಿಲಿಕೋನ್ ತುಂಡು ಕೂರಿಸಿ ಕಾಲನ್ನು ದುಂಡಗೆ ಮಾಡಿಕೊಡುತ್ತೇನೆ ಎಂದಿದ್ದರು. ಬಲಗಾಲಿನ ಅಚ್ಚು ನೋಡಿಯೇ ಆ ತುಂಡನ್ನು ಕೆತ್ತಬೇಕು, ತೆಗೆಸಿಕೊಂಡು ಬನ್ನಿ ಎಂದೂ ಹೇಳಿದ್ದರು.

ನಾಳೆ ಸೋಮವಾರ ಅಡ್ಮಿಟ್ಟು. ಇವತ್ತು ಭಾನುವಾರ, ಇನ್ನೊಂದು ಅಚ್ಚು ತೆಗೆಸಲು ಎಲ್ಲೂ ಆಗದು. ಈ ಸರದಿ ತಪ್ಪಿದರೆ ಮುಂದಿನದು ಆರು ತಿಂಗಳ ಮೇಲೆ. ನರ್ಸಿಂಗ್ ಕಾಲೇಜು ಶುರುವಾಗುವುದು ಇನ್ನೆರಡು ತಿಂಗಳಿಗೆ. ಅಲ್ಲಿ ಸಮವಸ್ತ್ರ ಮಂಡಿಯುದ್ದದ ಬಿಳಿ ಫ್ರಾಕು.

"ಈ ಕಾಲಿಟ್ಕೊಂಡು ಫ್ರಾಕ್ ಹಾಕಲ್ಲ ಕಣವ್ವ. ಸೀಟು ಬುಟ್‌ಬುಡ್ತೀನಿ," ಎಂದಳು ಭಾವನಾ. ಅಳಲಿಲ್ಲ. ಅದಕ್ಕೇ ನೀಲಾಂಬಿಕೆಗೆ ಹೆಚ್ಚು ಹೆದರಿಕೆಯಾಯಿತು.

ನಿನ್ನೆ ಮಲಗುವಾಗ ಇದ್ದದ್ದು. ರಾತ್ರಿಯಿಡೀ ಬಾಗಿಲ ಚಿಲಕ ಒಳಗಿನಿಂದ ಹಾಕಿತ್ತು. ತೆಗೆದವರು ಮನೆಯವರೇ. ಯಾರು?

ಗಂಡ ಚನ್ನಬಸವಣ್ಣ ಹೊಗೆಸೊಪ್ಪು ಒಣಗಿಸುವ ಬ್ಯಾರನ್ನಿನ ಒಲೆಗೆ ಸೌದೆ ಹಾಕಿ ಆಗತಾನೇ ಬಂದಿದ್ದ. ದೇವರು ಕೊಟ್ಟ ಕಾಲಿಗೆ ಕತ್ತಿ ಯಾಕೆ ಎಂದು ತಿಂಗಳಿನಿಂದ ಗೊಣಗುತ್ತಿದ್ದವನು ಅವನೇ.

"ನೀವು ತಗಂಡೋಗಿ ಬ್ಯಾರನ್ ಒಲೆಗೆ ಹಾಕಿದ್ರಾ?"

"ತಲೆ ಕೆಟ್ಟದಾ ನಿಂಗೆ? ನಂಗಿಷ್ಟ ಇಲ್ಲ, ದಿಟ. ಅಂಗಂತ ಮಗಳ ಕಾಲ ಬೆಂಕಿಗಾಕ್ತೀನಾ?"

ನೀಲಾಂಬಿಕೆ ಹೋಗಿ ಬೂದಿ ಕೆದಕಿ ನೋಡಿದಳು. ಬರೀ ಬೂದಿ.

ದೊಡ್ಡ ಮಗ ಸೋಮಶೇಖರ್ ದೋಸೆಯ ಮುಂದೆ ಕೂತಿದ್ದ. ಹೋದ ವಾರ ಆ ಅಚ್ಚನ್ನು ಎತ್ತಿಕೊಂಡು ತಂಗಿಯನ್ನು ರೇಗಿಸಿದ್ದವನು.

"ಎಲ್ಲಿ ಬಚ್ಚಿಟ್ಟೆ, ಹೇಳ್ಲಾ?"

"ಆಣೆಗೂ ನಾನಲ್ಲ ಕಣವ್ವ! ಅದಿರ್ಲಿ, ಚಟ್ನಿಗೆ ಕರ್ಪೂರ ಯಾಕೆ ಹಾಕ್ದೆ? ಗಮ್ ಅಂತದೆ."

"ಮೊದ್ಲು ಮೂಗು ತೊಳ್ಕೋ ಹೋಗು."

ಅತ್ತೆ ಚಿಕ್ಕಬಸಮ್ಮ ಹಿತ್ತಿಲ ಕಟ್ಟೆಯಲ್ಲಿ ಹೂ ಕಟ್ಟುತ್ತಿದ್ದರು. ಆಪರೇಷನ್ ಮಾಡಿಸು ಎಂದು ಮೊದಲು ಹೇಳಿದವರೇ ಅವರು.

"ಅತ್ತೆ, ನೀವೇನಾರ ಕಂಡ್ರಾ?"

"ನಾನು ಬೆಳಕರಿಯೋ ಮುಂಚೆ ಹೂವಿಗೆ ಹೋಗಿದ್ದೆ ಕಣವ್ವ."

ದಿನವೂ ಹೋಗುವವರೇ. ನೀಲಾಂಬಿಕೆ ಮತ್ತೆ ಕೇಳಲಿಲ್ಲ.

ಮಧ್ಯಾಹ್ನ ಸಾರಿಗೆ ಕಾಯಿ ಬೇಕಿತ್ತು. ಬೆಳಿಗ್ಗೆ ಚಟ್ನಿಗೆ ತುರಿದದ್ದರ ಇನ್ನೊಂದು ಹೋಳಿಗೆಂದು ಬುಟ್ಟಿಗೆ ಕೈ ಹಾಕಿದಳು. ಇಲ್ಲ. ಯೋಚಿಸಿದಳು. ತಾನು ಕಾಯಿ ಒಡೆದು ಎರಡು ದಿನವಾಯಿತು! ಹಾಗಾದರೆ ಬೆಳಿಗ್ಗೆ ಕೈಗೆ ಸಿಕ್ಕ ಹೋಳು ಎಲ್ಲಿಂದ ಬಂತು? ಒಲೆಯ ಪಕ್ಕ ಎಸೆದಿದ್ದ ಕರಟ ಎತ್ತಿ ಮೂಸಿದಳು. ಉರಿ ತಗ್ಗಿಸಿ ಎಲ್ಲರನ್ನೂ ಕರೆದಳು.

"ಇವನ ಮೂಗು ಸರಿಯಾಗೇ ಅದೆ. ನಾನೇ ಕೇಳಿಸ್ಕೊಳ್ಳಲಿಲ್ಲ," ಎಂದಳು. "ಮನೇಲಿ ಕಾಯಿ ಒಡೆದ್ರೆ ಎರಡು ಹೋಳು ಇರ್ಬೇಕು. ಬುಟ್ಟೀಲಿ ಇದ್ದಿದ್ದು ಒಂದೇ. ಇನ್ನೊಂದನ್ನ ಗುಡಿ ಅಯ್ಯನೋರು ಇಟ್ಕೊಂಡವ್ರೆ. ಕರ್ಪೂರದ ವಾಸ್ನೆ ಅಲ್ಲೀದೇ. ಅಂದ್ರೆ ಬೆಳಿಗ್ಗೆ ಯಾರೋ ಗುಡಿಗೆ ಹೋಗವ್ರೆ, ನಮಗೆ ಹೇಳಿಲ್ಲ. ಅಚ್ಚೂ ಅವ್ರ ಜೊತೇಲೇ ಹೋಗದೆ."

"ಯಾರು?" ಎಂದ ಚನ್ನಬಸವಣ್ಣ.

"ಗುಟ್ಟಾಗಿ ಹೋದವರು ಆ ಹೋಳನ್ನ ದಾರೀಲೇ ಯಾರಿಗಾದ್ರೂ ಕೊಟ್ಟುಬುಟ್ಟಿದ್ರೆ ನನಗೆ ಗೊತ್ತೇ ಆಗ್ತಿರಲಿಲ್ಲ. ಆದ್ರೂ ಪ್ರಸಾದ ನಮ್ಮೆಲ್ಲರ ಬಾಯಿಗೆ ಬೀಳ್ಲಿ ಅಂತ ತಂದು ಅಡುಗೆಮನೇಲಿ ಇಟ್ಟವ್ರೆ. ಅಂಥ ಜೀವ ಈ ಮನೇಲಿ ಒಂದೇ." ನೀಲಾಂಬಿಕೆ ದನಿ ತಗ್ಗಿಸಿದಳು. "ಯಾಕತ್ತೆ?"

ಚಿಕ್ಕಬಸಮ್ಮ ಸೆರಗಿನಲ್ಲಿ ಮುಖ ಮುಚ್ಚಿಕೊಂಡರು.

"ಮಗೂಗೆ ಜ್ವರ ಬಂದಾಗ ಗುಡಿ ಬಸವಣ್ಣಂಗೆ ಬೆಳ್ಳಿ ಕಾಲು ಒಪ್ಪಿಸ್ತೀನಿ ಅಂತ ಹರಕೆ ಹೊತ್ತಿದ್ದೆ. ಎದ್ದು ಓಡಾಡ್ತು. ನಾನು ಮರೆತೇಬುಟ್ಟೆ. ಆಮೇಲೆ ಕಾಲು ಸೊರಗ್ತಾ ಬಂತು... ನನ್ನಿಂದ್ಲೇ ಕಣವ್ವ. ಹರಕೆ ತೀರಿಸ್ದೆ ಕತ್ತಿ ಮುಟ್ಟಿದ್ರೆ ಏನಾಗ್ತದೋ ಅಂತ... ಕಾಲಿನಂಗೇ ಅದಲ್ಲ, ಅದನ್ನೇ ಒಪ್ಪಿಸ್ಬುಟ್ಟೆ. ಅಳತೆ ಆಗೋಗದೆ, ಇನ್ನು ಬೇಕಾಗಲ್ಲ ಅಂದ್ಕೊಂಡೆ."

ಹದಿನೈದು ವರ್ಷ ಈ ಮುದುಕಿ ಇದನ್ನು ಒಬ್ಬಳೇ ಹೊತ್ತಿದ್ದಳೇ? ಭಾವನಾ ಎದ್ದು ಅಜ್ಜಿಯ ಕೈ ಹಿಡಿದಳು. "ಏಳಜ್ಜಿ, ಗುಡಿಗೆ ಹೋಗಾವ."

ಅಚ್ಚು ಬಸವಣ್ಣನ ಮುಂದೆ ವಿಭೂತಿ, ಕಣಗಿಲೆ ಹೂವಿನ ನಡುವೆ ಭದ್ರವಾಗಿ ನಿಂತಿತ್ತು.

"ಒಪ್ಪಿಸಿದ್ದನ್ನ ವಾಪಸ್ ಕೇಳ್ಬಾರ್ದು ಕಣಮ್ಮ," ಎಂದರು ಅಯ್ಯನವರು.

"ವಾಪಸ್ ಅಲ್ಲ, ಬದ್ಲು," ಎಂದರು ಚಿಕ್ಕಬಸಮ್ಮ. "ಹರಕೆ ಹೊತ್ತಿದ್ದು ಬೆಳ್ಳೀದು. ಸುಣ್ಣದಂಥದ್ದು ಕೊಟ್ಟು ತಪ್ಪು ಮಾಡ್ದೆ." ಅಲ್ಲೇ ಕೂತು, ಮದುವೆಯಲ್ಲಿ ತೊಟ್ಟ ಬೆಳ್ಳಿಯ ಕಾಲುಕಡಗವನ್ನು ಎಳೆಯತೊಡಗಿದರು. ಊದಿದ ಕಾಲು, ಕಡಗ ಅಲ್ಲಾಡಲಿಲ್ಲ.

ಅಯ್ಯನವರು ಅರೆಗಳಿಗೆ ನೋಡಿದರು. ದೀಪದ ಎಣ್ಣೆಯ ಗಿಂಡಿಯನ್ನು ಮುಂದಕ್ಕೆ ಸರಿಸಿದರು.

ಭಾವನಾ ಅಜ್ಜಿಯ ಕಾಲನ್ನು ತನ್ನ ತೊಡೆಯ ಮೇಲಿಟ್ಟುಕೊಂಡಳು. ಎಣ್ಣೆ ಸವರಿ, ನೋಯದ ಹಾಗೆ ತಿರುಗಿಸುತ್ತಾ ಕಡಗ ಬಿಡಿಸಿದಳು. ಅದಿದ್ದ ಜಾಗದಲ್ಲಿ ಐವತ್ತು ವರ್ಷ ಬಿಸಿಲು ಕಾಣದ ಬಿಳಿ ಪಟ್ಟಿ ಉಳಿದಿತ್ತು.

"ನೋವಾಯ್ತಾ ಅಜ್ಜಿ?"

"ಇಲ್ಲ ಕಣ್ಮಗ. ನಾಳೆ ಮೈಸೂರಿಗೆ ಹೊರಡ್ಬೇಕು. ಎತ್ಕೋ ನಿನ್ ಕಾಲ."